ತಗಡಿನ ಮಾಡಿನ ಕೆಳಗೆ ಕೂತು ಕೆಲಸ ಮಾಡುವವರಿಗೆ: ಹೆಚ್ಚು ಹಣ ಸುರಿಯದೆ ಸದ್ದು ತಡೆಯುವ ಹೆಡ್‌ಫೋನ್ ಆರಿಸುವ ಬಗೆ

ತೀರ್ಥಹಳ್ಳಿಯಿಂದ ಒಳಗಿರುವ ನಮ್ಮ ಮನೆಯ ಹಿಂಬದಿ ಕೋಣೆಯ ಹೆಂಚು ತೆಗೆಸಿ ತಗಡಿನ ಶೀಟ್ ಹೊದಿಸಿದ ಮೇಲೆ ಸೋರುವುದು ನಿಂತಿತು. ಆದರೆ ಆರಿದ್ರಾ ಮಳೆ ಹಿಡಿದ ದಿನದಿಂದ ಪುಷ್ಯ ಮಳೆ ಮುಗಿಯುವವರೆಗೆ ಆ ಕೋಣೆಯಲ್ಲಿ ಎದುರು ಕುಳಿತವರ ಮಾತೂ ಕೇಳದಂತಾಯಿತು. ನನ್ನ ಕೆಲಸವೋ ಧ್ವನಿಮುದ್ರಿಕೆಗಳನ್ನು ಕೇಳಿ ಬರಹಕ್ಕೆ ಇಳಿಸುವುದು. ಒಂದು ಪದವನ್ನು ತಪ್ಪಾಗಿ ಕೇಳಿಸಿಕೊಂಡರೆ ವಾಕ್ಯದ ಅರ್ಥವೇ ಕೆಡುತ್ತದೆ. ಹೀಗಾಗಿ ಕೆಲವು ಮಳೆಗಾಲಗಳಲ್ಲಿ ಬೇರೆ ಬೇರೆ ಬಗೆಯ ಹೆಡ್‌ಫೋನುಗಳನ್ನು ಕೊಂಡು, ಕೆಲವನ್ನು ಹಿಂದಿರುಗಿಸಿ, ಒಂದೆರಡನ್ನು ತೇವಕ್ಕೆ ಕಳೆದುಕೊಂಡು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮನೆಯಿಂದಲೇ ಕಚೇರಿ ಕೆಲಸ ಮಾಡುವವರು, ಆನ್‌ಲೈನ್ ಪಾಠ ಮಾಡುವವರು, ಪರೀಕ್ಷೆಗೆ ಓದುವ ಮಕ್ಕಳು ಮಲೆನಾಡಿನ ಊರೂರಿನಲ್ಲೂ ಇರುವ ಈ ಕಾಲದಲ್ಲಿ ಇದು ಯಾರಿಗಾದರೂ ಉಪಯೋಗಕ್ಕೆ ಬಂದೀತೆಂಬ ಆಸೆ ನನ್ನದು. ಬೆಲೆಯನ್ನೋ ಬ್ರ್ಯಾಂಡನ್ನೋ ನೋಡುವ ಮೊದಲು, ನಿಮ್ಮನ್ನು ಕಾಡುತ್ತಿರುವ ಸದ್ದು ಯಾವ ಜಾತಿಯದು ಎಂಬುದನ್ನು ಗುರುತಿಸಿಕೊಳ್ಳಬೇಕು. ಉಳಿದೆಲ್ಲ ನಿರ್ಧಾರಗಳೂ ಅದರಿಂದಲೇ ಹುಟ್ಟುತ್ತವೆ.

ಗುರುತಿಸುವುದು ಕಷ್ಟದ ಕೆಲಸವಲ್ಲ. ನೀವು ಕೆಲಸಕ್ಕೆ ಕೂರುವ ಜಾಗದಲ್ಲಿ, ಕೂರುವ ಹೊತ್ತಿನಲ್ಲೇ, ಹತ್ತು ನಿಮಿಷ ಕಣ್ಣು ಮುಚ್ಚಿ ಕುಳಿತು ಕೇಳಿಸಿದ್ದನ್ನೆಲ್ಲ ಬರೆದುಕೊಳ್ಳಿ. ಫ್ಯಾನು, ಇನ್ವರ್ಟರ್, ತೋಟದ ಪಂಪ್‌ಸೆಟ್ಟು, ನಿಂತಲ್ಲೇ ಎಂಜಿನ್ ಚಾಲೂ ಇಟ್ಟ ಬಸ್ಸು ಇವೆಲ್ಲ ಒಂದೇ ಸಮನೆ ಗುಂಯ್‌ಗುಡುವ ತಗ್ಗು ಸದ್ದುಗಳು. ಪಕ್ಕದ ಕೋಣೆಯ ಟಿವಿ ಧಾರಾವಾಹಿ, ಜಗಲಿಯಲ್ಲಿ ಕುಳಿತವರ ಮಾತು ಇವು ನಡುವಣ ಸ್ತರದವು, ಕ್ಷಣಕ್ಷಣಕ್ಕೂ ಏರಿಳಿಯುವವು. ತಗಡಿನ ಮೇಲೆ ಬೀಳುವ ಮಳೆಯದು ಬೇರೆಯೇ ಜಾತಿ: ಸಾವಿರಾರು ಹನಿಗಳು ಒಂದೊಂದೂ ತಗಡನ್ನು ಪ್ರತ್ಯೇಕವಾಗಿ ಬಡಿಯುವುದರಿಂದ ಆ ಸದ್ದು ತಗ್ಗಿನಿಂದ ಹಿಡಿದು ತೀರ ಮೇಲಿನ ಸ್ತರದವರೆಗೆ ಹರಡಿಕೊಂಡಿರುತ್ತದೆ. ಅಡಿಕೆ ಸುಲಿಯುವ ಯಂತ್ರ ಮತ್ತು ಮಿಕ್ಸಿಗಳಲ್ಲಿ ಮೋಟರಿನ ಮೊರೆತದ ಜೊತೆಗೆ ಕಟಕಟ, ಕಿರ್ರ್ ಎಂಬ ಚೂಪು ಸದ್ದೂ ಬೆರೆತಿರುತ್ತದೆ.

ಇಷ್ಟು ವಿಂಗಡಣೆ ಏಕೆಂದರೆ, ಸದ್ದನ್ನು ತಡೆಯಲು ಹೆಡ್‌ಫೋನುಗಳಿಗೆ ಇರುವ ದಾರಿಗಳು ಎರಡು, ಮತ್ತು ಅವೆರಡೂ ಎಲ್ಲ ಸದ್ದಿಗೂ ಸಮನಾಗಿ ಕೆಲಸ ಮಾಡುವುದಿಲ್ಲ. ಮೊದಲನೆಯದು ಕಿವಿಯನ್ನು ಭದ್ರವಾಗಿ ಮುಚ್ಚುವುದು. ಕಿವಿಯೊಳಗೆ ಬಿಗಿಯಾಗಿ ಕೂರುವ ರಬ್ಬರ್ ಅಥವಾ ಫೋಮ್ ತುದಿ, ಇಲ್ಲವೇ ಇಡೀ ಕಿವಿಯನ್ನು ಸುತ್ತುವರಿಯುವ ಮೆತ್ತೆ ಈ ಕೆಲಸ ಮಾಡುತ್ತದೆ. ಇದಕ್ಕೆ ಬ್ಯಾಟರಿಯೂ ಬೇಡ, ಎಲೆಕ್ಟ್ರಾನಿಕ್ ಚಿಪ್ ಕೂಡ ಬೇಡ. ಎರಡನೆಯದು ಎಎನ್‌ಸಿ ಎಂದು ಪೆಟ್ಟಿಗೆಗಳ ಮೇಲೆ ದೊಡ್ಡದಾಗಿ ಬರೆದಿರುವ ಆ್ಯಕ್ಟಿವ್ ನಾಯ್ಸ್ ಕ್ಯಾನ್ಸಲೇಷನ್. ಹೆಡ್‌ಫೋನಿನಲ್ಲಿರುವ ಪುಟ್ಟ ಮೈಕುಗಳು ಹೊರಗಿನ ಸದ್ದನ್ನು ಹಿಡಿಯುತ್ತವೆ. ಆ ಅಲೆ ಏರುವಲ್ಲಿ ಇಳಿಯುವ, ಇಳಿಯುವಲ್ಲಿ ಏರುವ ಎದುರು ಅಲೆಯೊಂದನ್ನು ಒಳಗಿನ ಚಿಪ್ ತಯಾರಿಸುತ್ತದೆ. ಸ್ಪೀಕರ್ ಅದನ್ನು ಹೊರಡಿಸಿದಾಗ ಎರಡೂ ಕಿವಿಯ ಬಳಿ ಸೇರಿ ಒಂದನ್ನೊಂದು ಅಳಿಸಿಕೊಳ್ಳುತ್ತವೆ. ಜರ್ಮನಿಯ ಪಾಲ್ ಲ್ಯೂಗ್ ಎಂಬವರಿಗೆ ಈ ತತ್ತ್ವಕ್ಕಾಗಿ 1936ರಲ್ಲೇ ಅಮೆರಿಕದ ಪೇಟೆಂಟ್ ಸಿಕ್ಕಿತ್ತು. 1978ರಲ್ಲಿ ಜ್ಯೂರಿಕ್‌ನಿಂದ ಬಾಸ್ಟನ್‌ಗೆ ವಿಮಾನದಲ್ಲಿ ಹೊರಟಿದ್ದ, ಬೋಸ್ ಆಡಿಯೋ ಕಂಪನಿಯ ಸ್ಥಾಪಕ ಅಮರ್ ಬೋಸ್ ಅವರು ಎಂಜಿನ್ನಿನ ಮೊರೆತದಲ್ಲಿ ಸಂಗೀತ ಕೇಳಲಾಗದೆ ಇದರ ಲೆಕ್ಕಾಚಾರಕ್ಕೆ ಕುಳಿತರು. ಅವರ ಕಂಪನಿ 1989ರಲ್ಲಿ ವಿಮಾನ ಚಾಲಕರಿಗಾಗಿ ಇಂಥ ಹೆಡ್‌ಸೆಟ್ ಮಾರುಕಟ್ಟೆಗೆ ತಂದಿತು. ಎಂಜಿನ್ನಿನ ಒಂದೇ ಸಮನೆಯ ಮೊರೆತವನ್ನು ಅಡಗಿಸುವುದಕ್ಕೆಂದು ಬೆಳೆದ ವಿದ್ಯೆ ಇದು ಎಂಬುದನ್ನು ನೆನಪಿಟ್ಟುಕೊಂಡರೆ ಅದರ ಶಕ್ತಿ, ಮಿತಿ ಎರಡೂ ಅರ್ಥವಾಗುತ್ತವೆ.

ಮಿತಿಯನ್ನು ಸ್ವಲ್ಪ ಲೆಕ್ಕದಲ್ಲೇ ನೋಡೋಣ. ಹರ್ಟ್ಸ್ ಎಂದರೆ ಸೆಕೆಂಡಿಗೆ ಎಷ್ಟು ಅಲೆ ಎಂಬ ಎಣಿಕೆ. 100 ಹರ್ಟ್ಸ್‌ನ ತಗ್ಗು ಸದ್ದಿನ ಒಂದು ಅಲೆ ಪೂರ್ತಿಯಾಗಲು 10 ಮಿಲಿಸೆಕೆಂಡ್ ಬೇಕು, ಗಾಳಿಯಲ್ಲಿ ಅದರ ಉದ್ದ ಸುಮಾರು 3.4 ಮೀಟರ್. 1,000 ಹರ್ಟ್ಸ್‌ಗೆ ಹೋದರೆ ಒಂದೇ ಮಿಲಿಸೆಕೆಂಡ್, ಉದ್ದ 34 ಸೆಂಟಿಮೀಟರ್. 4,000 ಹರ್ಟ್ಸ್‌ಗೆ ಕಾಲು ಮಿಲಿಸೆಕೆಂಡ್, ಉದ್ದ ಎಂಟೂವರೆ ಸೆಂಟಿಮೀಟರ್. ಎದುರು ಅಲೆ ಹೊರಡುವುದು ಒಂದಿಷ್ಟೇ ತಡವಾದರೂ ತಗ್ಗು ಸದ್ದಿನಲ್ಲಿ ಆ ತಡ ಲೆಕ್ಕಕ್ಕೆ ಬರುವುದಿಲ್ಲ. ಮೇಲಿನ ಸದ್ದಿನಲ್ಲಿ ಅಷ್ಟೇ ತಡಕ್ಕೆ ಅಲೆಗಳ ಹೊಂದಾಣಿಕೆ ತಪ್ಪಿ, ಅಳಿಸುವ ಬದಲು ಕೂಡಿಕೊಳ್ಳಲೂಬಹುದು. ಈ ಕಾರಣಕ್ಕೆ ಎಎನ್‌ಸಿ ಸರಿಸುಮಾರು 1,000 ಹರ್ಟ್ಸ್‌ನ ಕೆಳಗೆ ಚೆನ್ನಾಗಿ ಕೆಲಸ ಮಾಡಿ, ಅದರ ಮೇಲಕ್ಕೆ ಹೋದಂತೆ ಬಲಗುಂದುತ್ತದೆ. ಕಿವಿಯನ್ನು ಮುಚ್ಚುವ ವಿಧಾನ ಇದಕ್ಕೆ ತಿರುವುಮುರುವು: ಮೇಲಿನ ಸದ್ದನ್ನು ಅದು ಸುಲಭವಾಗಿ ತಡೆಯುತ್ತದೆ, ತಗ್ಗಿನದು ನುಸುಳುತ್ತದೆ.

ಇದನ್ನು ನಮ್ಮ ಊರಿನ ಸದ್ದುಗಳಿಗೆ ಹೊಂದಿಸಿ ನೋಡಿ. ಶಿವಮೊಗ್ಗದಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲೋ ರೈಲಿನಲ್ಲೋ ಆಗಾಗ ಓಡಾಡುವವರಿಗೆ ಎಎನ್‌ಸಿ ನಿಜಕ್ಕೂ ವರ. ಗುಂಡಿ ಒತ್ತಿದೊಡನೆ ಎಂಜಿನ್ ಎಲ್ಲೋ ದೂರ ಹೋದಂತೆ ಅನಿಸುತ್ತದೆ. ಕಿಟಕಿ ತೆರೆದು ಕೂತರೆ ಮಾತ್ರ ಮೈಕಿಗೆ ಗಾಳಿ ಬಡಿದು ಒಳಗೆ ಹೊಸ ಸದ್ದೇ ಹುಟ್ಟುತ್ತದೆ. ಮಾತಿನ ಸದ್ದಿಗೆ ಎಎನ್‌ಸಿಯಿಂದ ಅರ್ಧಂಬರ್ಧ ಪ್ರಯೋಜನ. ತಗಡಿನ ಮಳೆಗಂತೂ ಅದನ್ನೇ ನಂಬಿ ಹಣ ಹಾಕಬಾರದು, ಏಕೆಂದರೆ ಅದು ಭೋರ್ಗರೆತದ ತಳವನ್ನಷ್ಟೇ ತೆಗೆದು, ಮೇಲಿನ ಚಟಪಟವನ್ನು ಹಾಗೆಯೇ ಬಿಟ್ಟುಬಿಡುತ್ತದೆ. ತಳದ ಸದ್ದು ಹೋದ ಮೇಲೆ ಉಳಿದ ಚಟಪಟ ಇನ್ನಷ್ಟು ಎದ್ದು ಕೇಳುವುದೂ ಉಂಟು. ಮಳೆಗೆ ಬೇಕಾದದ್ದು ಕಿವಿಯನ್ನು ಗಟ್ಟಿಯಾಗಿ ಮುಚ್ಚುವ ಸಾಧನ. ಅದೃಷ್ಟವಶಾತ್ ಇವೆರಡರಲ್ಲಿ ಅದೇ ಅಗ್ಗದ್ದು.

ಪೆಟ್ಟಿಗೆಯ ಮೇಲಿನ ಮಾತುಗಳಲ್ಲಿ ಹೆಚ್ಚು ಜನ ಮೋಸಹೋಗುವುದು ಎಎನ್‌ಸಿ ಮತ್ತು ಇಎನ್‌ಸಿ ಎಂಬ ಎರಡು ಹೆಸರುಗಳ ನಡುವೆ. ನಾನೂ ಹಾಗೇ ಮೋಸಹೋದೆ: ಇಎನ್‌ಸಿ ಎಂದಿದ್ದ ಒಂದು ಜೊತೆ ಇಯರ್‌ಬಡ್ ತರಿಸಿ, ಮಳೆಯ ಸದ್ದು ಕಿಂಚಿತ್ತೂ ಕಡಿಮೆಯಾಗದ್ದು ಕಂಡು ಅದು ಕೆಟ್ಟಿದೆಯೆಂದೇ ಭಾವಿಸಿದ್ದೆ. ಇಎನ್‌ಸಿ ಇರುವುದು ನಿಮ್ಮ ಕಿವಿಗಾಗಿ ಅಲ್ಲ. ನೀವು ಫೋನಿನಲ್ಲಿ ಮಾತನಾಡುವಾಗ ನಿಮ್ಮ ಸುತ್ತಲಿನ ಗದ್ದಲ ಆ ಕಡೆಯವರಿಗೆ ಕೇಳಿಸದಂತೆ ಮೈಕಿನ ಧ್ವನಿಯನ್ನು ಶುದ್ಧಮಾಡುವ ಏರ್ಪಾಡು ಅದು. ಪಾಠ ಮಾಡುವವರಿಗೆ ಅದು ಬೇಕಾದದ್ದೇ, ಆದರೆ ನಿಮಗೆ ಮಳೆ ಕೇಳುವುದನ್ನು ಅದು ತಪ್ಪಿಸುವುದಿಲ್ಲ. ವಿವರಣೆಯಲ್ಲಿ ಎಎನ್‌ಸಿ ಎಂಬ ಅಕ್ಷರಗಳು ಸ್ಪಷ್ಟವಾಗಿ ಇಲ್ಲದೆ ಬರೀ ‘ನಾಯ್ಸ್ ಕ್ಯಾನ್ಸಲೇಷನ್’, ‘ನಾಲ್ಕು ಮೈಕ್’ ಎಂದಷ್ಟೇ ಇದ್ದರೆ ಅದು ಇಎನ್‌ಸಿ ಇರಬಹುದೆಂದು ಶಂಕಿಸುವುದು ಒಳ್ಳೆಯದು.

ಇನ್ನೊಂದು, ‘45 ಡೆಸಿಬೆಲ್‌ವರೆಗೆ’, ‘50 ಡೆಸಿಬೆಲ್‌ವರೆಗೆ’ ಎಂಬ ಅಂಕಿಗಳು. ಡೆಸಿಬೆಲ್ ಎಂದರೆ ಸದ್ದು ಎಷ್ಟು ಜೋರೆಂಬ ಅಳತೆ. ಹತ್ತು ಡೆಸಿಬೆಲ್ ಇಳಿದರೆ ಸದ್ದು ನಮ್ಮ ಕಿವಿಗೆ ಸುಮಾರು ಅರ್ಧದಷ್ಟಾದಂತೆ ತೋರುತ್ತದೆ. ಆ ಲೆಕ್ಕದಲ್ಲಿ 50 ಡೆಸಿಬೆಲ್ ಎಂದರೆ ಹೆಚ್ಚುಕಡಿಮೆ ಮೌನವೇ. ಆದರೆ ‘ವರೆಗೆ’ ಎಂಬ ಪದವನ್ನು ಬಿಡದೆ ಓದಬೇಕು. ತಗ್ಗು ಸದ್ದಿನ ಯಾವುದೋ ಒಂದು ಬಿಂದುವಿನಲ್ಲಿ ಸಿಕ್ಕ ಅತಿ ಹೆಚ್ಚಿನ ಅಳತೆ ಅದು, ಎಲ್ಲ ಸದ್ದಿಗೂ ಸಿಗುವ ಸರಾಸರಿಯಲ್ಲ. ಆ ಅಂಕಿಯೊಂದನ್ನೇ ಹಿಡಿದು ಎರಡು ಕಂಪನಿಗಳ ಮಾಲನ್ನು ತೂಗಿ ನೋಡಲಾಗದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇಯರ್‌ಫೋನ್ ಎಷ್ಟೇ ಬೆಲೆಯದಾಗಿರಲಿ, ಅದರ ತುದಿಯ ರಬ್ಬರ್ ನಿಮ್ಮ ಕಿವಿಗೆ ಸರಿಹೊಂದದಿದ್ದರೆ ಸದ್ದು ತಡೆಯುವ ಗುಣವೇ ಅದಕ್ಕೆ ಇಲ್ಲದಂತೆ. ಪೆಟ್ಟಿಗೆಯಲ್ಲಿ ಚಿಕ್ಕದು, ಮಧ್ಯಮ, ದೊಡ್ಡದು ಎಂದು ಮೂರು ಅಳತೆಯ ರಬ್ಬರುಗಳನ್ನು ಕೊಟ್ಟಿರುತ್ತಾರೆ. ಬಹಳಷ್ಟು ಜನ ಮೊದಲೇ ಸಿಕ್ಕಿಸಿರುವ ಮಧ್ಯಮದ್ದನ್ನು ಬದಲಿಸಿಯೇ ನೋಡುವುದಿಲ್ಲ. ಮೂರನ್ನೂ ಹಾಕಿ ನೋಡಿ. ಎಡಕಿವಿಗೂ ಬಲಕಿವಿಗೂ ಬೇರೆ ಬೇರೆ ಅಳತೆ ಬೇಕಾಗುವುದು ಅಪರೂಪವೇನಲ್ಲ. ನನಗೆ ಬಲಕ್ಕೆ ದೊಡ್ಡದೇ ಬೇಕು. ತೊಡಿಸುವಾಗ ಎದುರು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ಭಾಗವನ್ನು ಮೇಲಕ್ಕೆ, ಹಿಂದಕ್ಕೆ ಮೆಲ್ಲಗೆ ಎಳೆದರೆ ಕಿವಿಯ ದಾರಿ ನೇರವಾಗುತ್ತದೆ. ಆಗ ಇಯರ್‌ಫೋನನ್ನು ತುಸು ತಿರುಗಿಸುತ್ತ ಒಳಗಿಡಬೇಕು. ಫೋಮ್ ತುದಿಯಾದರೆ ಮೊದಲು ಬೆರಳಲ್ಲಿ ಹೊಸೆದು ಸಣ್ಣದು ಮಾಡಿ, ಒಳಗಿಟ್ಟು, ಅದು ಹಿಗ್ಗಿಕೊಳ್ಳುವವರೆಗೆ ಅರ್ಧ ನಿಮಿಷ ಹಿಡಿದುಕೊಳ್ಳಬೇಕು. ಸರಿಯಾಗಿ ಕೂತಿದೆಯೇ ಎಂದು ತಿಳಿಯಲು ಯಾವ ಉಪಕರಣವೂ ಬೇಡ: ನಿಮ್ಮ ಮಾತು ನಿಮಗೇ ಕೊಡದೊಳಗಿಂದ ಬಂದಂತೆ ಗುಮ್ಮೆಂದು ಕೇಳಿಸಬೇಕು, ಹಾಡಿನ ತಬಲಾದ ಎಡಗೈ ಪೆಟ್ಟು, ಮೃದಂಗದ ತೊಪ್ಪಿಯ ನಾದ ತುಂಬಿಕೊಂಡು ಕೇಳಬೇಕು. ತಗ್ಗು ನಾದ ತೆಳ್ಳಗಾಗಿದ್ದರೆ ಎಲ್ಲೋ ಸಂದು ಬಿಟ್ಟಿದೆ ಎಂದೇ ಅರ್ಥ. ರಬ್ಬರಿನ ಬದಲು ಫೋಮ್ ತುದಿಗಳನ್ನು ಬೇರೆಯಾಗಿ ಕೊಂಡು ಹಾಕಿದರೆ ಮಳೆಯ ಸದ್ದು ಮತ್ತಷ್ಟು ತಗ್ಗುತ್ತದೆ, ಆದರೆ ಅವು ಬೇಗ ಸವೆಯುವುದರಿಂದ ಆಗಾಗ ಬದಲಿಸಬೇಕಾಗುತ್ತದೆ. ರಬ್ಬರೇ ಇಲ್ಲದೆ ಬರೀ ಪ್ಲಾಸ್ಟಿಕ್ ಮೈ ಕಿವಿಯ ಬಾಯಲ್ಲಿ ಕೂರುವ ಬಗೆಯ ಇಯರ್‌ಬಡ್‌ಗಳನ್ನು, ಅವುಗಳಲ್ಲಿ ಎಎನ್‌ಸಿ ಇದ್ದರೂ ಸಹ, ಸದ್ದು ತಡೆಯುವ ಉದ್ದೇಶಕ್ಕೆ ಕೊಳ್ಳಬೇಡಿ.

ವೈರಿನದೋ, ವೈರ್‌ಲೆಸ್ಸೋ? ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರಿಗೆ ನಾನು ವೈರಿನದನ್ನೇ ಮೊದಲು ಹೇಳುತ್ತೇನೆ. ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋದರೆ ದಿನವಿಡೀ ಬಾರದ ಊರುಗಳಲ್ಲಿ, ಚಾರ್ಜ್ ಮಾಡಬೇಕಾದ ಸಾಮಾನು ಒಂದು ಕಡಿಮೆಯಾದರೂ ನೆಮ್ಮದಿಯೇ. ಇನ್ನೊಂದು ಕಾರಣವೂ ಇದೆ: ಬ್ಲೂಟೂತ್ ಹೆಡ್‌ಫೋನಿನ ಮೈಕನ್ನು ಲ್ಯಾಪ್‌ಟಾಪಿನ ಮೀಟಿಂಗ್‌ಗೆ ಬಳಸಿದೊಡನೆ ಸಂಪರ್ಕ ಸಾಮಾನ್ಯವಾಗಿ ಫೋನ್ ಕರೆಯ ಮಟ್ಟಕ್ಕೆ ಇಳಿದು, ನಿಮಗೆ ಕೇಳಿಸುವ ಧ್ವನಿಯೂ ಮಸುಕಾಗುತ್ತದೆ. ವೈರಿನದರಲ್ಲಿ ಈ ತೊಂದರೆ ಇಲ್ಲ. ಫೋನಿನಲ್ಲಿ 3.5 ಮಿಲಿಮೀಟರ್ ತೂತು ಇಲ್ಲದಿದ್ದರೆ ಟೈಪ್-ಸಿ ಅಡಾಪ್ಟರ್ ಒಂದನ್ನು ಕೊಂಡರಾಯಿತು. ಆನ್‌ಲೈನ್ ಪಾಠ ಮಾಡುವವರು ಬಾಯಿಯ ಹತ್ತಿರಕ್ಕೆ ಬಗ್ಗಿಸಬಹುದಾದ ಕಡ್ಡಿಮೈಕ್ ಇರುವುದನ್ನು ಆರಿಸಲಿ. ಬಾಯಿಗೂ ಮೈಕಿಗೂ ಇರುವ ದೂರ ಅರ್ಧಕ್ಕೆ ಇಳಿದರೆ ನಿಮ್ಮ ಮಾತು ಸುಮಾರು 6 ಡೆಸಿಬೆಲ್ ಏರುತ್ತದೆ, ಮಳೆಯ ಸದ್ದು ಇದ್ದಷ್ಟೇ ಇರುತ್ತದೆ; ಕಿವಿಯ ಹತ್ತಿರ ಇರುವ ಇಯರ್‌ಬಡ್ ಮೈಕಿಗೆ ಈ ಅನುಕೂಲ ಇಲ್ಲ.

ಆದರೂ ಕಿವಿಯೊಳಗೆ ತೂರಿಸುವಂಥದ್ದು ಎಲ್ಲರಿಗೂ ಹೇಳಿದ್ದಲ್ಲ. ಮಳೆಗಾಲದ ತೇವದಲ್ಲಿ ಕಿವಿಯೊಳಗೆ ಶಿಲೀಂಧ್ರದ ಸೋಂಕು ತಗಲುವುದು ಉಂಟು, ದಿನವಿಡೀ ಕಿವಿ ಮುಚ್ಚಿಟ್ಟರೆ ಅದಕ್ಕೆ ಇನ್ನಷ್ಟು ಅನುಕೂಲ. ಕಿವಿ ಸೋರುವವರು, ತುರಿಕೆ ಇರುವವರು ಮೊದಲು ವೈದ್ಯರಿಗೆ ತೋರಿಸಿ, ಕಿವಿಯನ್ನು ಸುತ್ತುವರಿಯುವ ದೊಡ್ಡ ಹೆಡ್‌ಫೋನನ್ನೇ ನೋಡಬೇಕು. ಅದರಲ್ಲಿಯೂ ಮೆತ್ತೆ ಕಿವಿಯ ಮೇಲೆ ಕೂರುವ ಬಗೆ ಬೇರೆ, ಕಿವಿಯನ್ನು ಒಳಗೆ ಹಾಕಿಕೊಂಡು ತಲೆಗೆ ಒತ್ತುವ ಬಗೆ ಬೇರೆ. ಸದ್ದು ತಡೆಯುವುದು ಎರಡನೆಯದು. ಹೆಸರುಗಳು ಹೋಲುವುದರಿಂದ ಇಲ್ಲಿಯೂ ಎಚ್ಚರ ಬೇಕು: ಸೋನಿಯ ಡಬ್ಲ್ಯುಎಚ್-ಸಿಎಚ್520 ಕಿವಿಯ ಮೇಲೆ ಕೂರುವಂಥದ್ದು, ಎಎನ್‌ಸಿ ಇಲ್ಲ, ಅದೇ ಸಾಲಿನ ಡಬ್ಲ್ಯುಎಚ್-ಸಿಎಚ್720ಎನ್ ಕಿವಿಯನ್ನು ಸುತ್ತುವರಿಯುತ್ತದೆ, ಎಎನ್‌ಸಿ ಇದೆ, ತೂಕ 192 ಗ್ರಾಂ ಮಾತ್ರ. ಕನ್ನಡಕ ಹಾಕುವವರು ಕನ್ನಡಕದೊಂದಿಗೇ ತೊಟ್ಟು ನೋಡಬೇಕು, ಏಕೆಂದರೆ ಅದರ ಕಡ್ಡಿ ಮೆತ್ತೆಯನ್ನು ಎತ್ತಿಹಿಡಿದು ಸಂದು ಮಾಡುತ್ತದೆ. ಮೆತ್ತೆ ಎಷ್ಟು ಮೃದುವೋ ಅಷ್ಟು ಒಳ್ಳೆಯದು.

ಬೆಲೆಯ ಮಾತು. ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಕಿವಿಯೊಳಗೆ ಕೂರುವ ಬಗೆಯ (ಇನ್-ಇಯರ್) ಒಳ್ಳೆಯ ವೈರಿನ ಇಯರ್‌ಫೋನ್ ಸಿಗುತ್ತದೆ, ಮಳೆಗೂ ಮನೆಮಂದಿಯ ಮಾತಿಗೂ ಅದು ಸಾಕು. ಎರಡರಿಂದ ಮೂರು ಸಾವಿರಕ್ಕೆ ರಿಯಲ್‌ಮಿ, ಒನ್‌ಪ್ಲಸ್, ಸಿಎಮ್‌ಎಫ್ ಮೊದಲಾದವರ ಎಎನ್‌ಸಿ ಇಯರ್‌ಬಡ್‌ಗಳು ಬರುತ್ತವೆ. ಬಸ್ಸಿನಲ್ಲಿ ಓಡಾಡುವವರಿಗೆ ಇವು ಸರಿ. ಎಎನ್‌ಸಿ ಇರುವ ದೊಡ್ಡ ಹೆಡ್‌ಫೋನಿಗೆ ಇನ್ನೂ ಮೇಲೆ ಹೋಗಬೇಕು. ಸಾವಿರದೈನೂರಕ್ಕಿಂತ ಕೆಳಗೆ ಎಎನ್‌ಸಿ ಎಂದು ಮಾರುವುದನ್ನು ನಾನಂತೂ ಕೊಳ್ಳಲಾರೆ, ಅದೇ ಹಣಕ್ಕೆ ವೈರಿನದರಲ್ಲಿ ಬಹಳ ಉತ್ತಮವಾದದ್ದು ಸಿಗುವಾಗ.

ಸಾಧ್ಯವಾದರೆ ಅಂಗಡಿಯಲ್ಲೇ ಪರೀಕ್ಷಿಸಿ ಕೊಳ್ಳಿ. ಶಿವಮೊಗ್ಗದ ನೆಹರು ರಸ್ತೆ, ದುರ್ಗಿಗುಡಿಯ ಕಡೆ ಹೋದಾಗ, ಪ್ರದರ್ಶನಕ್ಕಿಟ್ಟ ಹೆಡ್‌ಫೋನನ್ನು ತೊಡಿಸಿ ಹಾಡು ಹಾಕಿ ತೋರಿಸುತ್ತಾರೆ, ಹಾಡು ಬೇಡವೆನ್ನಿ. ಹಾಡು ಹಾಕಿದರೆ ಎಂಥ ಹೆಡ್‌ಫೋನಾದರೂ ಹೊರಗಿನ ಸದ್ದನ್ನು ಮುಚ್ಚುತ್ತದೆ. ಏನನ್ನೂ ನುಡಿಸದೆ ಬರೀ ತೊಟ್ಟು, ಅಂಗಡಿಯ ಬಾಗಿಲಲ್ಲಿ ರಸ್ತೆಯ ಕಡೆ ಮುಖ ಮಾಡಿ ನಿಂತು, ಜೊತೆಗೆ ಬಂದವರನ್ನು ಎರಡು ಮಾರು ದೂರದಿಂದ ಮಾತನಾಡಿಸಿ. ಮೊದಲು ಎಎನ್‌ಸಿ ಆಫ್ ಮಾಡಿ, ಆಮೇಲೆ ಆನ್ ಮಾಡಿ ಕೇಳಿ. ಆಫ್ ಇದ್ದಾಗಲೇ ಮಾತು ಮಸುಕಾದರೆ ಮುಚ್ಚುವಿಕೆ ಚೆನ್ನಾಗಿದೆ. ಆನ್ ಮಾಡಿದಾಗ ಬಸ್ಸಿನ ಗುಡುಗು ಹಿಂದೆ ಸರಿದರೆ ಎಎನ್‌ಸಿ ಚೆನ್ನಾಗಿದೆ. ಒಳಗೆ ಸುಯ್ಯೆಂಬ ಸಣ್ಣ ಸದ್ದು ಅಥವಾ ಕಿವಿ ಗಪ್ಪೆನ್ನುವ ಒತ್ತಡ ಕಿರಿಕಿರಿಯೆನಿಸಿದರೆ ಅದು ಆಮೇಲೆ ಅಭ್ಯಾಸವಾದೀತೆಂದು ನಂಬಿ ಕೊಳ್ಳಬೇಡಿ. ಕಿವಿಯೊಳಗಿನದನ್ನು ಶುಚಿತ್ವದ ಕಾರಣಕ್ಕೆ ಪರೀಕ್ಷೆಗೆ ಕೊಡದೆ ಇರಬಹುದು. ಆಗ, ಮತ್ತು ಆನ್‌ಲೈನಿನಲ್ಲಿ ತರಿಸುವಾಗ, ಪೆಟ್ಟಿಗೆ ತೆರೆದ ಮೇಲೂ ಹಿಂದಿರುಗಿಸಬಹುದೇ, ಬದಲಿ ಮಾತ್ರವೇ ಎಂಬುದನ್ನು ಹಣ ಕೊಡುವ ಮೊದಲೇ ಓದಿಕೊಳ್ಳಬೇಕು. ವಾರಂಟಿಗೆ ಶಿವಮೊಗ್ಗದಲ್ಲೇ ಕೊಟ್ಟು ಬರಲು ಆಗುತ್ತದೆಯೇ, ಬೆಂಗಳೂರಿಗೆ ಕೊರಿಯರ್ ಮಾಡಬೇಕೇ ಎಂದು ಕೇಳಿ. ವೈರ್‌ಲೆಸ್ ಹೆಡ್‌ಫೋನುಗಳಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಕಡ್ಡಾಯ. ಪೆಟ್ಟಿಗೆಯ ಮೇಲೆ ‘ಆರ್’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಮಾಲು ಅಸಲಿಯೋ ಎಂಬ ಸುಳಿವು ಸಿಗುತ್ತದೆ. ಬಿಲ್ಲನ್ನು ಜೋಪಾನವಾಗಿಡಿ, ತಕರಾರು ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಕೊಂಡ ಮೇಲೆ ಮಲೆನಾಡಿನಲ್ಲಿ ಅದನ್ನು ಉಳಿಸಿಕೊಳ್ಳುವುದು ಬೇರೆಯೇ ಕೆಲಸ. ಚಪ್ಪಲಿ, ಬೆಲ್ಟಿಗೆ ಬರುವ ಬೂಷ್ಟು ಹೆಡ್‌ಫೋನಿನ ಕೃತಕ ಚರ್ಮದ ಮೆತ್ತೆಗೂ ಬರುತ್ತದೆ, ಆಮೇಲೆ ಅದು ಸಿಪ್ಪೆಯಂತೆ ಏಳುತ್ತದೆ; ಆದ್ದರಿಂದ ಮೆತ್ತೆಯನ್ನು ಕಳಚಿ ಬದಲಿಸಲು ಬರುವಂಥದ್ದನ್ನೇ ಆರಿಸಿ. ಬಳಸಿದ ಮೇಲೆ ಒಣಬಟ್ಟೆಯಿಂದ ಒರೆಸಿ, ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಟ್ಟರೆ ತೇವ ತಾಗದು. ಬಚ್ಚಲ ಒಲೆಯ ಮೇಲೆ ಬಟ್ಟೆ ಒಣಗಿಸುವ ಜಾಗದಲ್ಲಿ ಮಾತ್ರ ಇಡಬೇಡಿ, ಆ ಕಾವಿಗೆ ಬ್ಯಾಟರಿ ಹಾಳಾಗುತ್ತದೆ. ನೀರಿನಿಂದ ರಕ್ಷಣೆಯ ದರ್ಜೆ ಐಪಿಎಕ್ಸ್4 ಎಂದಿದ್ದರೆ ಎಲ್ಲ ದಿಕ್ಕಿನಿಂದ ಸಿಡಿಯುವ ನೀರನ್ನು ತಡೆದೀತು, ಆದರೆ ಆ ಮಾತು ಬಹುಪಾಲು ಇಯರ್‌ಬಡ್‌ಗಳಿಗಷ್ಟೇ ಸಲ್ಲುತ್ತದೆ. ಚಾರ್ಜ್ ಮಾಡುವ ಡಬ್ಬಿಗೆ ಸಾಮಾನ್ಯವಾಗಿ ಆ ರಕ್ಷಣೆ ಇರುವುದಿಲ್ಲ. ಒದ್ದೆ ಇಯರ್‌ಬಡ್ಡನ್ನು ಹಾಗೆಯೇ ಡಬ್ಬಿಗೆ ಹಾಕಿ ಮುಚ್ಚಿದರೆ ಒಳಗಿನ ಚಾರ್ಜಿಂಗ್ ಮೊಳೆಗಳು ಕಿಲುಬು ಹಿಡಿಯುತ್ತವೆ. ನಾನು ಒಂದು ಜೊತೆಯನ್ನು ಕಳೆದುಕೊಂಡದ್ದು ಹಾಗೆ.

ತೋಟದಲ್ಲಿ ಕಳೆ ಹೊಡೆಯುವ ಯಂತ್ರ, ಮರ ಕೊಯ್ಯುವ ಗರಗಸ ಹಿಡಿಯುವವರು ಹಾಡಿನ ಹೆಡ್‌ಫೋನನ್ನು ಕಿವಿಯ ರಕ್ಷಣೆಯೆಂದು ನಂಬಬಾರದು ಎಂದು ಕಳಕಳಿಯಿಂದ ಹೇಳುತ್ತೇನೆ. ಆ ಕೆಲಸಕ್ಕೆ, ಎಷ್ಟು ಡೆಸಿಬೆಲ್ ತಡೆಯುತ್ತದೆಂದು ಎನ್‌ಆರ್‌ಆರ್ ಅಥವಾ ಎಸ್‌ಎನ್‌ಆರ್ ಅಂಕಿಯನ್ನು ನಮೂದಿಸಿರುವ ಇಯರ್‌ಮಫ್, ಅಂದರೆ ಇಡೀ ಕಿವಿಯನ್ನು ಮುಚ್ಚುವ ರಕ್ಷಣಾ ಸಾಧನ, ಬೇಕು. ಈ ಇಯರ್‌ಮಫ್ ಮನೆಯೊಳಗೂ ಉಪಯೋಗಕ್ಕೆ ಬರುತ್ತದೆ: ಪುನರ್ವಸು ಮಳೆ ಜಡಿ ಹಿಡಿದ ದಿನ ನಾನು ತೆಳು ವೈರಿನ ಇಯರ್‌ಫೋನ್ ತೊಟ್ಟು ಅದರ ಮೇಲೆ ಇಯರ್‌ಮಫ್ ಹಾಕಿಕೊಳ್ಳುತ್ತೇನೆ. ಎರಡರ ಅಂಕಿಗಳು ಕೂಡಿ ಬರುವುದಿಲ್ಲ, ಹೆಚ್ಚಿನದಕ್ಕೆ ಐದಾರು ಡೆಸಿಬೆಲ್ ಸೇರುತ್ತದೆ ಅಷ್ಟೆ. ಆ ಐದಾರು ಡೆಸಿಬೆಲ್ಲಿನಲ್ಲೇ ಧ್ವನಿಮುದ್ರಿಕೆಯ ‘ಹತ್ತು’ ಮತ್ತು ‘ಹತ್ತಿ’ ಬೇರೆಬೇರೆಯಾಗಿ ಕೇಳಿಸತೊಡಗುತ್ತವೆ. ಘಾಟಿಯಲ್ಲಿ ಬೈಕು ಓಡಿಸುವಾಗ, ಆನೆಯ ಓಡಾಟವಿರುವ ಕಾಡುದಾರಿಯಲ್ಲಿ ನಡೆಯುವಾಗ ಯಾವುದನ್ನೂ ತೊಡಬೇಡಿ.

ಸದ್ದು ತಡೆದದ್ದರ ನಿಜವಾದ ಲಾಭ ಸಿಗುವುದು ವಾಲ್ಯೂಮ್ ಇಳಿಸಿದಾಗ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರು 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು, ಮಕ್ಕಳಿಗೆ ಆ ಮಟ್ಟ 75 ಡೆಸಿಬೆಲ್. ಮೂರು ಡೆಸಿಬೆಲ್ ಏರಿದಂತೆಲ್ಲ ಸಮಯ ಅರ್ಧಕ್ಕಿಳಿದು, 90ಕ್ಕೆ ತಲುಪುವಾಗ ವಾರಕ್ಕೆ ನಾಲ್ಕೇ ಗಂಟೆ ಉಳಿಯುತ್ತದೆ. ಮಳೆಯಿಲ್ಲದ ಒಂದು ರಾತ್ರಿ, ಮನೆ ಮಲಗಿದ ಮೇಲೆ, ಮಾತು ಸ್ಪಷ್ಟವಾಗಿ ಕೇಳುವ ಅತಿ ಕಡಿಮೆ ವಾಲ್ಯೂಮ್ ಎಷ್ಟೆಂದು ಫೋನಿನಲ್ಲಿ ನೋಡಿ ಬರೆದಿಟ್ಟುಕೊಳ್ಳಿ. ಜಡಿಮಳೆಯ ದಿನ ಅದಕ್ಕಿಂತ ಒಂದೆರಡು ಗೀಟು ಏರಿಸಿದರೆ ಸಾಕಾಗುತ್ತಿದ್ದರೆ ನಿಮ್ಮ ಆಯ್ಕೆ ಸರಿಯಾಗಿದೆ. ಐದಾರು ಗೀಟು ಏರಿಸಬೇಕಾಗಿ ಬಂದರೆ ಹೊಸ ಹೆಡ್‌ಫೋನ್ ಹುಡುಕುವ ಮೊದಲು ತುದಿಯ ರಬ್ಬರನ್ನು ಬದಲಿಸಿ ನೋಡಿ.